ಇಬ್ಬರು ನಾಯಕರಿಗೆ ಒಬ್ಬಳೇ ಅಜ್ಜಿ

ಕೆ.ಆರ್. ಪೇಟೆಯ ಆ ವಿಚಾರ ಸಂಕಿರಣಕ್ಕೆ ನಾನು ಹೋಗಲೇಬಾರದಿತ್ತು. ಕಲ್ಯಾಣ ಮಂಟಪದ ಬಾಗಿಲಿಗೆ ಕಟ್ಟಿದ್ದ ಬ್ಯಾನರಿನಲ್ಲಿ 'ರಾಜಕಾರಣ, ನಾಯಕತ್ವ, ಇತಿಹಾಸ ಮತ್ತು ಸಾಹಿತ್ಯ: ಬಹುಶಿಸ್ತೀಯ ಸಂಶೋಧನೆ' ಎಂದಿತ್ತು. ಒಳಗೆ ನಡೆದದ್ದು ಶಾಲು ಹೊದಿಸುವ ಕೆಲಸ. ಒಬ್ಬರು ಇನ್ನೊಬ್ಬರಿಗೆ ಶಾಲು ಹೊದಿಸಿದರು, ಆ ಇನ್ನೊಬ್ಬರು ಮೊದಲಿನವರಿಗೆ ಮೈಸೂರು ಪೇಟ ತೊಡಿಸಿದರು. ಹಣ್ಣಿನ ಬುಟ್ಟಿಗಳು ವೇದಿಕೆಯ ಮೇಲೆಯೇ ಕೈಯಿಂದ ಕೈಗೆ ತಿರುಗಿದವು. ನನಗೆ ವಾಕರಿಕೆ ಬಂತು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಬಂತು. ನಾಗಮಂಗಲದಿಂದ ಖಾಲಿ ಹೊಟ್ಟೆಯಲ್ಲಿ ಬಸ್ಸಿನಲ್ಲಿ ನಿಂತೇ ಬಂದಿದ್ದೆ.

ನನ್ನ ಪ್ರಬಂಧಕ್ಕೆ ಸಿಕ್ಕಿದ್ದು ಊಟವಾದ ಮೇಲಿನ ಹೊತ್ತು. ಸಭೆಯ ಮುಕ್ಕಾಲು ಭಾಗ ತೂಕಡಿಸುತ್ತಿತ್ತು, ಉಳಿದವರು ಪ್ರಮಾಣಪತ್ರಕ್ಕಾಗಿ ಕಾಯುತ್ತಿದ್ದರು.

ನನ್ನ ವಿಷಯ ಅಭಿನಂದನ ಗ್ರಂಥಗಳು. ನಮ್ಮ ಕಡೆ ಒಬ್ಬ ನಾಯಕನಿಗೆ ಅರವತ್ತಾದರೆ ಸಾಕು, ಇಟ್ಟಿಗೆ ದಪ್ಪದ ಪುಸ್ತಕವೊಂದು ಹುಟ್ಟಿಕೊಳ್ಳುತ್ತದೆ. ಪ್ರಾಧ್ಯಾಪಕರು ಅದರಲ್ಲಿ ಹೊಗಳುತ್ತಾರೆ, ಮಂತ್ರಿಗಳು ಅದನ್ನು ಬಿಡುಗಡೆ ಮಾಡುತ್ತಾರೆ, ಯಾರೂ ಓದುವುದಿಲ್ಲ. ನಾನು ಓದುತ್ತೇನೆ. ಅದೇ ನನ್ನ ಪಿಎಚ್.ಡಿ. ನಾಯಕರು ತಮ್ಮ ಚರಿತ್ರೆಯನ್ನು ಹೇಗೆ ಬರೆಸಿಕೊಳ್ಳುತ್ತಾರೆ ಎಂಬುದು ವಿಷಯ. ಓದಿ ಓದಿ ನನ್ನ ನಾಲಿಗೆಯೇ ಕೆಟ್ಟುಹೋಗಿದೆ.

ಅಂದು ನಾನು ಎರಡು ಗ್ರಂಥಗಳನ್ನು ಮೇಜಿನ ಮೇಲಿಟ್ಟೆ. ಒಂದು ಪಾಂಡವಪುರದ ಪುಟ್ಟಸ್ವಾಮಿಯವರದು, ಇನ್ನೊಂದು ಕೆ.ಆರ್. ಪೇಟೆಯ ಸಿದ್ದರಾಜು ಅವರದು. ಇಬ್ಬರೂ ಎದುರು ಪಕ್ಷಗಳವರು, ಮದುವೆ ಮನೆಯಲ್ಲಿ ಎದುರಾದರೂ ಮುಖ ತಿರುಗಿಸುವವರು. ಎರಡರಲ್ಲೂ 'ಬಾಲ್ಯ' ಎಂಬ ಅಧ್ಯಾಯವಿದೆ. ಕೆಳಗೆ ಲೇಖಕರ ಹೆಸರಿಲ್ಲ, 'ಸಂಪಾದಕ ಮಂಡಳಿ' ಎಂದಷ್ಟೇ ಇದೆ. ಎರಡರಲ್ಲೂ ನಾಯಕರ ಅಜ್ಜಿ ಪ್ರವಾಹಕ್ಕೆ ಧುಮುಕುತ್ತಾಳೆ, ಕೊಚ್ಚಿಹೋಗುತ್ತಿದ್ದ ಕರುವನ್ನು ಸೆರಗಿನಲ್ಲಿ ಕಟ್ಟಿಕೊಂಡು ಈಜಿ ಬರುತ್ತಾಳೆ. ಎರಡನ್ನೂ ಗಟ್ಟಿಯಾಗಿ ಓದಿದೆ. ಅಕ್ಷರಕ್ಕೆ ಅಕ್ಷರ ಒಂದೇ.

"ಎರಡು ಪಕ್ಷಕ್ಕೂ ಅಜ್ಜಿ ಒಬ್ಬಳೇ," ಎಂದೆ. "ಮೈತ್ರಿ ಸರ್ಕಾರ ಅಂದರೆ ಇದೇ ಇರಬೇಕು."

ಹಿಂದಿನ ಸಾಲಿನಲ್ಲಿ ಒಬ್ಬ ಮಾತ್ರ ಜೋರಾಗಿ ನಕ್ಕ. ವೇದಿಕೆಯಲ್ಲಿದ್ದ ನನ್ನ ಗೈಡ್ ಶಿವಪ್ರಕಾಶ್ ಸರ್ ಗಡಿಯಾರ ನೋಡಿಕೊಂಡು ಗಂಟೆ ಒತ್ತಿಬಿಟ್ಟರು. ಸಿದ್ದರಾಜು ಗ್ರಂಥದ ಪ್ರಧಾನ ಸಂಪಾದಕರು ಅವರೇ.

ಆ ನಕ್ಕವನು ಕಾಫಿಯ ಹೊತ್ತಿಗೆ ನನ್ನ ಎದುರು ನಿಂತಿದ್ದ. ಎಣ್ಣೆ ಹಚ್ಚಿ ಬಾಚಿದ ಕೂದಲು, ಇಸ್ತ್ರಿ ಕಾಣದ ಅಂಗಿ, ಕಣ್ಣಲ್ಲಿ ಮಾತ್ರ ಏನೋ ತುಂಟತನ.

"ನಿಂಗರಾಜು ಅಂತ, ಪಾಂಡವಪುರದಲ್ಲಿ ಗೆಸ್ಟ್ ಲೆಕ್ಚರರು, ಹಿಸ್ಟರಿ," ಎಂದ. "ನೀವು ನಿಜವಾಗ್ಲೂ ಅವನ್ನೆಲ್ಲ ಓದಿದ್ದೀರಾ?"

"ಓದದೆ ಬಯ್ಯೋಕಾಗುತ್ತಾ?"

"ಎಲ್ಲರೂ ಅಂಗೇ ತಾನೇ ಬಯ್ಯೋದು." ಕಾಫಿ ಲೋಟವನ್ನು ನನ್ನತ್ತ ಚಾಚಿದ. "ಬರ್ದೋನು ಸಿಕ್ಕಿದ್ರೆ ಏನ್ ಮಾಡ್ತೀರಿ?"

"ಮುಖಕ್ಕೆ ಉಗೀತೀನಿ."

"ಅಷ್ಟೊಂದು ಕೆಟ್ಟದಾಗಿ ಬರ್ದವ್ನಾ?"

ಅಲ್ಲೇ ಇದ್ದದ್ದು ನನ್ನ ಸಂಕಟ. ಆ ಕೊಚ್ಚೆಯ ನಡುವೆ ಒಂದು ವಾಕ್ಯವಿತ್ತು: 'ದಡಕ್ಕೆ ಬಂದಾಗ ಆಕೆಯ ತೋಳಲ್ಲಿ ಕರು ನಡುಗುತ್ತಿತ್ತು, ಆಕೆ ನಡುಗುತ್ತಿರಲಿಲ್ಲ.' ಅದು ನನಗೆ ಬಾಯಿಪಾಠವಾಗಿತ್ತು. ಅದನ್ನು ನನ್ನ ಗೈಡ್ ಬರೆದಿರಲು ಸಾಧ್ಯವಿಲ್ಲ, ಅವರ ಬರವಣಿಗೆ ನನಗೆ ಗೊತ್ತು.

"ಒಂದು ವಾಕ್ಯ ಚೆನ್ನಾಗಿದೆ," ಎಂದೆ. "ಅದಕ್ಕೇ ಇನ್ನೂ ಅಸಹ್ಯ. ಬರೆಯೋಕೆ ಬಾರದೋನು ಸುಳ್ಳು ಬರೆದರೆ ಹೋಗಲಿ ಅನ್ನಬಹುದು. ಬರೋನು ಬರೆದಿದ್ದಾನಲ್ಲ, ಥೂ."

ನಿಂಗರಾಜುವಿನ ಕಿವಿ ಕೆಂಪಾಯಿತು. ನಾನು, ಹುಚ್ಚಿ, ಅದು ನನ್ನನ್ನು ನೋಡಿ ಆದ ಕೆಂಪು ಅಂದುಕೊಂಡೆ.

ಆಮೇಲೆ ಅವನು ಸಿಗುತ್ತಲೇ ಹೋದ. ಪಾಂಡವಪುರದ ಲೈಬ್ರರಿಯಲ್ಲಿ ಹಳೆಯ ಗ್ರಂಥಗಳು ಬೇಕೆಂದರೆ ಮೊದಲೇ ತೆಗೆಸಿಟ್ಟಿರುತ್ತಿದ್ದ. ಹೊಣಕೆರೆ ಹತ್ತಿರದ ಒಬ್ಬ ಮಾಜಿ ಜಿಲ್ಲಾ ಪಂಚಾಯಿತಿ ಅಧ್ಯಕ್ಷರ ಮನೆಗೆ ಬೈಕಿನಲ್ಲಿ ಕರೆದುಕೊಂಡು ಹೋದ. ಅವರು ತಮ್ಮ ಗ್ರಂಥವನ್ನು ಟಿವಿಯ ಕೆಳಗೆ ಎತ್ತರಕ್ಕೆಂದು ಇಟ್ಟಿದ್ದರು. ದಾರಿಯುದ್ದಕ್ಕೂ ನಾನು ಬೈಯುವುದು, ಅವನು ಕನ್ನಡಿಯಲ್ಲಿ ನನ್ನ ಮುಖ ನೋಡುವುದು.

"ರೋಡ್ ನೋಡ್ಕೊಂಡು ಓಡಿಸಿ."

"ನೀವ್ ಬಯ್ಯುವಾಗ ಮೂಗಿನ ತುದಿ ಕೆಂಪಾಯ್ತದೆ. ರೋಡಲ್ಲಿ ಅಂತಾದ್ದೇನೂ ಇಲ್ಲ."

ಒಂದು ಭಾನುವಾರ ಕರಿಘಟ್ಟದ ಮೆಟ್ಟಿಲ ಮೇಲೆ ಕೂತಿದ್ದೆವು. ಕೆಳಗೆ ಲೋಕಪಾವನಿ ತೆಳ್ಳಗೆ ಹರಿಯುತ್ತಿತ್ತು. ನಾನು 'ಅಜಾತಶತ್ರು' ಎಂಬ ಪದದ ಮೇಲೆ ಹರಿಹಾಯುತ್ತಿದ್ದೆ. ಒಂದು ಗ್ರಂಥವೂ ಆ ಪದವಿಲ್ಲದೆ ಮುಗಿಯುವುದಿಲ್ಲ.

"ಮತ್ತಿನ್ನೇನ್ ಬರೀಬೇಕಿತ್ತು?" ಎಂದ. "'ಇವ್ರಿಗೆ ಶತ್ರುಗಳು ಬೋ ಜನ ಅವ್ರೆ, ಎಲ್ಲಾ ಸ್ವಂತ ಸಂಬಂಧಿಕರೇ' ಅಂತ್ಲಾ?"

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಾ ಅವನ ಕಡೆ ತಿರುಗಿದರೆ ಅವನು ನಗುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದ. ನಾನು ಕಣ್ಣು ಕೀಳಲಿಲ್ಲ. ಅವನೇ ಮೊದಲು ಸೋತು ಚಪ್ಪಲಿ ನೋಡಿಕೊಂಡ.

"ರಾಧಾಮಣಿ," ಎಂದ. "ಇನ್ಮೇಕೆ 'ನೀವು' ಬುಟ್ಬುಡಾನಾ?"

"ಬಿಟ್ಟು?"

"ನೀನು ಅನ್ನು. ಬಯ್ಯೋಕೂ ಸಲೀಸು."

ನನಗೆ ಅವನು ಇಷ್ಟವಾಗಿಬಿಟ್ಟಿದ್ದ. ಈ ಸಂಶೋಧನೆಯ ಲೋಕದಲ್ಲಿ ಮುಟ್ಟಿದರೆ ಕೈ ತೊಳೆಯಬೇಕು ಅನಿಸದ ಮನುಷ್ಯ ಇವನೊಬ್ಬನೇ ಅಂದುಕೊಂಡಿದ್ದೆ. ಮನೆಯಲ್ಲಿ ಹೇಳುವುದು ಹೇಗೆ ಎಂಬ ಚಿಂತೆಯೂ ಶುರುವಾಗಿತ್ತು. ನಮ್ಮಪ್ಪ ಕಾಳಪ್ಪ ನಾಗಮಂಗಲದಲ್ಲಿ ಚಿನ್ನದ ಕೆಲಸ ಮಾಡುವ ಅಕ್ಕಸಾಲಿ. ನಿಂಗರಾಜುವಿನವರು ಬೆಳಗೊಳದ ಗೌಡರ ಮನೆಯವರು. ಅಪ್ಪ ಕೂಗಾಡುವವರಲ್ಲ, ಆದರೆ ಸುಲಭಕ್ಕೆ ಹೂಂ ಅನ್ನುವವರೂ ಅಲ್ಲ.

"ನಮ್ಮಜ್ಜೀನ ನೋಡಾಕ್ ಬಾ," ಎಂದು ಅವನೇ ಕರೆದ. ಕರೆಯುವಾಗ ಅವನ ದನಿ ಸ್ವಲ್ಪ ಅಳುಕಿದ್ದು ನನಗೆ ಆಮೇಲೆ ನೆನಪಾಯಿತು.

ಬೆಳಗೊಳದ ಮನೆಯ ಜಗಲಿಯಲ್ಲಿ ಅವನ ಅಜ್ಜಿ ಬೈರಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನು ಪಕ್ಕದಲ್ಲಿ ಕೂರಲು ಹೋದೆ.

"ಈ ಕಡೀಕ್ ಬಾ ಮಗ, ಆ ಕಿವಿ ಸತ್ತೋಗದೆ."

"ಏನಾಯ್ತಜ್ಜಿ ಕಿವಿಗೆ?"

"ಅದೊಂದ್ ಕತೆ ಬುಡು." ಹೇಳಲು ಅವರಿಗೆ ಇಷ್ಟವೇ ಇತ್ತು. "ಕಟ್ಟೆ ಬಾಗ್ಲು ಎತ್ಬುಟ್ಟಿದ್ರು ಕನವ್ವ. ಒಳೆ ತುಂಬಿ ಗದ್ದೆಗೆಲ್ಲ ನುಗ್ಗಿತ್ತು. ನಮ್ ಕರ ಕೊಚ್ಕಂಡ್ ಓಯ್ತಾ ಅದೆ. ಗಂಡುಸ್ರೆಲ್ಲ ದಡದಲ್ ನಿಂತ್ಕಂಡು ಅಯ್ಯಯ್ಯೋ ಅಂತಾವ್ರೆ. ನಾನ್ ಬಿದ್ಬುಟ್ಟೆ ನೀರ್ಗೆ. ಸೆರಗ್ ಬಿಚ್ಚಿ ಕರಾನ ಸೊಂಟಕ್ ಕಟ್ಕಂಡು ಈಜ್ಕಂಡ್ ಬಂದೆ."

ನನ್ನ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು.

"ಮನೇಗ್ ಬಂದ್ರೆ ನಿಂಗರಾಜುನ್ ತಾತ, ಊರ್ ಗಂಡುಸ್ರ ಮುಂದೆ ಸೆರಗ್ ಬಿಚ್ಚಿದ್ಯಾ ಅಂತ ಕಪಾಳಕ್ಕೆ ಒಂದ್ ಬಾರಿಸ್ದ. ಅವತ್ತು ಓದ ಕಿವಿ ಇವತ್ತಿಗೂ ಬರ್ನಿಲ್ಲ." ಬೈರಮ್ಮ ನಕ್ಕರು. "ಕರ ಬದುಕ್ತು ಬುಡು. ಎಂಟ್ ಸೂಲು ಆಲು ಕೊಡ್ತು."

ಕಾಫಿ ಹಿಡಿದು ಬಂದ ನಿಂಗರಾಜು ಬಾಗಿಲಲ್ಲೇ ನಿಂತಿದ್ದ. ನಾನು ಅವನ ಮುಖ ನೋಡಿದೆ, ಅಷ್ಟೇ ಸಾಕಾಯಿತು. ಎರಡು ಗ್ರಂಥಗಳ ಆ ಹೆಸರಿಲ್ಲದ ಲೇಖಕ ಕಾಫಿ ಲೋಟ ಹಿಡಿದುಕೊಂಡು ನನ್ನ ಮುಂದೆಯೇ ನಿಂತಿದ್ದ.

ಕಾಫಿ ಮುಟ್ಟದೆ ಎದ್ದೆ. ಕಾಲುವೆಯ ಏರಿಯ ಮೇಲೆ ಅವನು ಓಡಿಬಂದು ನನ್ನನ್ನು ಹಿಡಿದ.

"ಏಳಾನಾ ಅಂತ್ಲೇ ಕರ್ಕೊಂಡ್ ಬಂದೆ ಕಣೆ."

"ಕಣೆ ಗಿಣೆ ಅನ್ಬೇಡ. ಏಟು ಎಲ್ಲಿ?"

"ಏನು?"

"ನಿನ್ ಅಜ್ಜಿ ತಿಂದ ಏಟು. ಎರಡು ಪುಸ್ತಕದಲ್ಲೂ ಇಲ್ಲ. ಎಲ್ಲಿ ಹೋಯ್ತು?"

ಅವನು ನೀರು ನೋಡಿದ. "ನಾಯಕ್ರ ತಾತ ಎಂಡ್ತಿಗೆ ಒಡ್ದ ಅಂತ ಬರ್ಯಾಕಾಯ್ತದಾ?"

ನನ್ನ ಮೈ ಉರಿದುಹೋಯಿತು. "ಸ್ವಂತ ಅಜ್ಜೀನ ಇಬ್ಬರಿಗೆ ಕೊಟ್ಟಿದ್ದೀಯ. ಕೊಡುವಾಗ ಅವಳ ನೋವು ಉಜ್ಜಿ ಪಾಲಿಶ್ ಹಾಕಿ ಕೊಟ್ಟಿದ್ದೀಯ. ನಮ್ಮಪ್ಪ ಅಂಗಡೀಲಿ ಹಳೇ ಒಡವೆಗೂ ಇಂಗ್ ಮಾಡಲ್ಲ ಕಣೋ."

"ಶಿವಪ್ರಕಾಶ್ ಸಾರು ಬರ್ದ್ಕೊಡು ಅಂದ್ರು, ಬರ್ದೆ. ಪುಟ್ಟಸ್ವಾಮಿಯವ್ರ್ದು ಮೊದ್ಲು. ಅದು ನೋಡಿ ಪುಟ್ಟಸ್ವಾಮಿಯವ್ರು ತಮ್ ಟ್ರಸ್ಟಿನ ಕಾಲೇಜಲ್ಲೇ ಕೆಲ್ಸ ಕೊಟ್ರು. ಸಿದ್ದರಾಜುದಕ್ಕೆ ಟೈಮೇ ಇರ್ನಿಲ್ಲ, ಅಜ್ಜೀನ ಎತ್ತಿ ಅಲ್ಲಿಗೂ ಇಟ್ಬುಟ್ಟೆ. ಯಾರ್ ಓದ್ತಾರೆ ಅಂದ್ಕೊಂಡೆ."

"ನಾನು ಓದಿದೆ! ಓದಿ ನಿನ್ನ ಮುಂದೆಯೇ ಅವನನ್ನ ಬೈದೆ. ನೀನು ಎದುರಿಗೆ ಕೂತು ನಕ್ಕೆ. ನಾಚಿಕೆ ಆಗಲಿಲ್ವಾ?"

"ಆ ಒಂದ್ ಮಾತು ಚೆನ್ನಾಗದೆ ಅಂದಿದ್ಯಲ್ಲ ನೀನು," ಎಂದ. "ನಾನ್ ಬರ್ದಿದ್ನ ಯಾರಾದ್ರೂ ಓದವ್ರೆ ಅಂತ ಅವತ್ತೇ ಗೊತ್ತಾಗಿದ್ದು. ನಾನೇ ಅಂದ್ರೆ ನೀನ್ ಎದ್ದು ಓಯ್ತೀಯ. ಅದಕ್ಕೇ ಬಾಯ್ ಬರ್ನಿಲ್ಲ."

ನಾನು ಎದ್ದೇ ಹೋದೆ. ಬಸ್ಸಿನಲ್ಲಿ ಅಳು ಬಂತು, ಅಳುವ ನನ್ನನ್ನು ಕಂಡು ನನಗೇ ಅಸಹ್ಯವಾಯಿತು. ಅವನನ್ನು ಹೇಸಬೇಕು ಅನಿಸಿದಷ್ಟೂ ಆ ಕೆಂಪು ಕಿವಿ ಕಣ್ಣ ಮುಂದೆ ಬರುತ್ತಿತ್ತು. ಇಂಥವನ ಮೇಲೆ ಆಸೆ ಇಟ್ಟುಕೊಂಡ ಮನಸ್ಸಿಗೆ ಏನು ಮಾಡಬೇಕು ಹೇಳಿ?

ಮುಂದಿನ ವಾರ ಶ್ರೀರಂಗಪಟ್ಟಣದ ನಮ್ಮ ಸಂಶೋಧನಾ ಕೇಂದ್ರದಲ್ಲಿ ಶಿವಪ್ರಕಾಶ್ ಸರ್ ನನ್ನನ್ನು ಕೊಠಡಿಗೆ ಕರೆಸಿದರು. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಎಲ್ಲರೆದುರು ಅದನ್ನು ಮಂಡಿಸಬೇಕು, ಅದಕ್ಕೆ ದಿನ ಗೊತ್ತಾಗಿತ್ತು.

"ಆ ಅಜ್ಜಿ ಅಧ್ಯಾಯ ತೆಗೆದುಬಿಡಮ್ಮ," ಎಂದರು, ಬಾದಾಮಿ ಅಗಿಯುತ್ತಾ. "ಲೇಖಕ ಯಾರು ಅಂತ ಆಧಾರ ಇಲ್ಲದಿದ್ದರೆ ಅದು ಬರೀ ಹರಟೆ."

"ಲೇಖಕ ಯಾರು ಅಂತ ನಿಮಗೇ ಗೊತ್ತಲ್ಲ ಸರ್."

ಅವರು ಬೆಚ್ಚಲಿಲ್ಲ, ಮುಗುಳ್ನಕ್ಕರು. "ನಿನಗೂ ಗೊತ್ತು ಅಂತ ಕೇಳಿದೆ. ಬೈಕಲ್ಲಿ ಓಡಾಡೋದನ್ನ ನಾನೂ ನೋಡಿದ್ದೀನಿ. ಹಾಗಾದರೆ ಅವನ ಹೆಸರು ಬರೆದುಬಿಡು. ಪುಟ್ಟಸ್ವಾಮಿಯವರು ಮಾರನೇ ದಿನವೇ ಅವನನ್ನ ಕಾಲೇಜಿಂದ ತೆಗೀತಾರೆ. ಆಮೇಲೆ ಈ ಜಿಲ್ಲೇಲಿ ಯಾರೂ ಸೇರಿಸಿಕೊಳ್ಳಲ್ಲ. ಒಳ್ಳೇ ಹುಡುಗ, ಪಾಪ."

ಬಾದಾಮಿಯ ಡಬ್ಬಿಯನ್ನು ನನ್ನತ್ತ ತಳ್ಳಿದರು. ಆ ಕೋಣೆಯಲ್ಲಿ ಉಸಿರಾಡುವುದೂ ಬೇಡವೆನಿಸಿತು.

ಮನೆಗೆ ಬಂದು ದಿನವೂ ಅದೇ ಯೋಚನೆ. ಹೆಸರು ಬರೆದರೆ ಅವನ ಅನ್ನ ಹೋಗುತ್ತದೆ. ಬರೆಯದಿದ್ದರೆ, ಬೇಕಾದವರಿಗಾಗಿ ಸತ್ಯ ಒರೆಸುವವರ ಸಾಲಿನಲ್ಲಿ ನಾನೂ ಒಬ್ಬಳು. ಅವನು ಅಜ್ಜಿ ತಿಂದ ಏಟನ್ನು ಬರೆಯದೆ ಬಿಟ್ಟ, ನಾನು ಅವನ ಹೆಸರನ್ನೇ ಬರೆಯದೆ ಬಿಡುತ್ತೇನೆ, ವ್ಯತ್ಯಾಸವೇನು? ಅವನು ಫೋನ್ ಮಾಡುತ್ತಲೇ ಇದ್ದ. ನಾನು ಎತ್ತಲಿಲ್ಲ. ಕೊನೆಗೆ ಅಧ್ಯಾಯವನ್ನು ಉಳಿಸಿಕೊಂಡು, ಅವನ ಹೆಸರು ಎಲ್ಲೂ ಬರೆಯದೆ ಮಂಡನೆಗೆ ಹೊರಟೆ.

ಸಭಾಂಗಣ ತುಂಬಿತ್ತು. ಇಂಥದ್ದಕ್ಕೆ ಯಾರು ಬೇಕಾದರೂ ಬರಬಹುದು, ಕೇಸರಿಬಾತು ಇರುತ್ತದೆಂದು ಬರುವವರೇ ಹೆಚ್ಚು. ಅಜ್ಜಿಯ ಅಧ್ಯಾಯಕ್ಕೆ ಬಂದಾಗ ಹೊರಗಿನಿಂದ ಬಂದಿದ್ದ ತಜ್ಞೆ ತಲೆಯೆತ್ತಿದರು. ವಯಸ್ಸಾದ ಹೆಂಗಸು, ಅಷ್ಟು ಹೊತ್ತಿಗೆ ನಿದ್ದೆ ಮಾಡದವರು ಅವರೊಬ್ಬರೇ.

"ಎರಡನ್ನೂ ಒಬ್ಬನೇ ಬರೆದಿದ್ದಾನೆ ಅಂತ ನಿಮ್ಮ ವಾದ. ಯಾರು ಅಂತ ಗೊತ್ತಾ?"

ಶಿವಪ್ರಕಾಶ್ ಸರ್ ನನ್ನನ್ನೇ ನೋಡುತ್ತಿದ್ದರು, ತೀರಾ ಪ್ರೀತಿಯಿಂದ. ನಾನು ಬಾಯಿ ತೆರೆದೆ.

"ಇಲ್ಲ, ಮೇಡಂ," ಎಂದೆ.

ಆ ಎರಡು ಪದ ಆಡಿದ ನನ್ನ ಬಾಯಿಯನ್ನು ಅಲ್ಲೇ ತೊಳೆದುಕೊಳ್ಳಬೇಕು ಅನಿಸಿತು. ಇಷ್ಟು ವರ್ಷ ಎಲ್ಲರ ಮೇಲೂ ಥೂ ಅಂದವಳು ನಾನು.

"ನಾನು ಮೇಡಂ."

ಬಾಗಿಲ ಹತ್ತಿರದಿಂದ ಬಂತು ದನಿ. ನಿಂಗರಾಜು ನಿಂತಿದ್ದ. ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದ.

"ಎರಡೂ ನಾನೇ ಬರೆದಿದ್ದು. ಆ ಅಜ್ಜಿ ಅವ್ರಿಬ್ಬರ ಅಜ್ಜಿ ಅಲ್ಲ, ನಮ್ಮಜ್ಜಿ, ಬೆಳಗೊಳದ ಬೈರಮ್ಮ. ಕರ ತಂದಿದ್ದು ನಿಜ. ಅದಕ್ಕೆ ನಮ್ಮ ತಾತ ಹೊಡೆದು ಅವಳ ಕಿವಿ ಹೋಗಿದ್ದೂ ನಿಜ. ಅದನ್ನ ನಾನು ಬಿಟ್ಟೆ."

"ಕೂತ್ಕೊಳ್ರೀ, ಇದು ನಿಮ್ಮ ಭಾಷಣ ಅಲ್ಲ," ಎಂದರು ಶಿವಪ್ರಕಾಶ್ ಸರ್.

"ಯಾರು ಬರೆಸಿದ್ರು ಅಂತಲೂ ಹೇಳ್ಲಾ ಸಾರ್?"

ಸರ್‌ಗೆ ಆ ಕ್ಷಣದಲ್ಲೇ ಯಾವುದೋ ಫೋನ್ ಬಂದ ಹಾಗಾಯಿತು, ಎದ್ದು ಹೊರಗೆ ಹೋದರು. ತಜ್ಞೆ ಕನ್ನಡಕ ಸರಿಮಾಡಿಕೊಂಡು ಏನೋ ಬರೆದುಕೊಂಡರು. "ಆಧಾರ ಸಿಕ್ತಲ್ಲಮ್ಮ," ಎಂದರು. "ಅಧ್ಯಾಯ ಇರಲಿ. ಆದರೆ ಈಗ ನೀನು ಇಲ್ಲ ಅಂದೆಯಲ್ಲ, ಅದು ನನಗೆ ಹಿಡಿಸಲಿಲ್ಲ."

"ನನಗೂ, ಮೇಡಂ," ಎಂದೆ. ನನ್ನ ಕಣ್ಣು ತುಂಬಿತ್ತು.

ಮಧ್ಯಾಹ್ನದೊಳಗೆ ಅವನ ಕೆಲಸ ಹೋಯಿತು. ನಾನು ಹೊರಗೆ ಬಂದಾಗ ಅವನು ಬೈಕಿಗೆ ಒರಗಿಕೊಂಡು ಕಾಲೇಜಿನವರು ಕಳಿಸಿದ ಮೆಸೇಜನ್ನೇ ಓದುತ್ತಿದ್ದ.

"ಯಾಕ್ ಬಂದೆ?" ಎಂದೆ.

"ನೀನ್ ಫೋನ್ ಎತ್ನಿಲ್ಲ. ನನ್ ಹೆಸ್ರು ಆಕು ಅಂತ ಏಳಾಕೇ ಮಾಡ್ತಿದ್ದೆ." ಫೋನನ್ನು ಜೇಬಿಗಿಟ್ಟ. "ನೀನು ಇಲ್ಲ ಅಂದಾಗ ನಂಗ್ ತಡ್ಯಾಕಾಗ್ನಿಲ್ಲ. ನನ್ನಿಂದ ನೀನೂ ಅಂಗಾಗ್ಬುಟ್ಯಲ್ಲ ಅಂತ."

"ನಿನ್ನನ್ನ ಕಂಡರೆ ನಂಗೆ ಈಗಲೂ ಅಸಹ್ಯ."

"ಗೊತ್ತು."

"ನನ್ನನ್ನ ಕಂಡರೂ ಅಸಹ್ಯ."

"ಅದ್ ಮಾತ್ರ ಬುಟ್ಬುಡು," ಎಂದ. ಕಣ್ಣಲ್ಲಿ ಆ ಹಳೆಯ ತುಂಟತನ ಎಲ್ಲಿಂದಲೋ ಇಣುಕಿತು. "ನನ್ ಪಾಲಿನ ಅಸಹ್ಯ ಎಷ್ಟ್ ಬೇಕಾದ್ರೂ ಮಡಿಕೋ."

ನಾನು ಅವನ ಅಂಗಿಯ ತೋಳು ಹಿಡಿದೆ. ಬಿಡಲು ಮನಸ್ಸಾಗಲಿಲ್ಲ. "ನೀನಂದ್ರೆ ನಂಗೆ ಇಷ್ಟ ಕಣೋ," ಎಂದೆ, ಬೈಯುವ ದನಿಯಲ್ಲೇ. "ಏನ್ ಮಾಡಿದರೂ ಹೋಗ್ತಾ ಇಲ್ಲ. ನಾಳೆ ಬಂದು ಅಪ್ಪನ್ನ ಕೇಳು. ಚೆನ್ನಾಗಿರೋ ಮಾತು ಒಂದೂ ಬೇಡ. ಬರ್ಕೊಂಡ್ ಬಂದ್ಯೋ, ಸಾಯಿಸ್ತೀನಿ."

ಮಾರನೇ ದಿನ ಅವನು ನಾಗಮಂಗಲಕ್ಕೆ ಬಂದ. ಅಪ್ಪನ ಅಂಗಡಿ ನಮ್ಮ ಮನೆಯ ಮುಂದಿನ ಕೋಣೆಯೇ. ನಾನು ನಡುಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅವನು ಮೆಟ್ಟಿಲ ಕೆಳಗೆ ಬಿಸಿಲಲ್ಲೇ ನಿಂತ. ನಾಯಕರ ಬಾಲ್ಯಗಳನ್ನು ಪುಟಗಟ್ಟಲೆ ಬರೆದವನಿಗೆ ಮಾತೇ ಹೊರಡಲಿಲ್ಲ.

"ಏನ್ ಬೇಕಾಗಿತ್ತಪ್ಪ?" ಎಂದರು ಅಪ್ಪ, ಕೈಯಲ್ಲಿದ್ದ ಕಿವಿಯೋಲೆಯನ್ನು ಕೆಳಗಿಡದೆ.

"ನಿಮ್ ಮಗಳು," ಎಂದು ನಿಲ್ಲಿಸಿ, ಗಾಬರಿಯಾಗಿ ಮತ್ತೆ ಶುರುಮಾಡಿದ. "ನಿಮ್ ಮಗಳು ಅಂದ್ರೆ ನಂಗಿಷ್ಟ. ಮದ್ವೆ ಆಗ್ಬೇಕು ಅಂತ. ಬೆಳಗೊಳದವ್ನು, ಗೌಡ್ರ ಪೈಕಿ. ಕೆಲ್ಸ ಇತ್ತು, ನೆನ್ನೆ ಓಯ್ತು."

"ಯಾಕ್ ಓಯ್ತು?"

"ಸುಳ್ ಬರ್ದಿದ್ದೆ. ದೊಡ್ಡೋರಿಗೆ. ನೆನ್ನೆ ಎಲ್ರ ಮುಂದೆ ಒಪ್ಕೊಂಡೆ."

"ಮುಂದ್ಕೆ?"

"ಗೊತ್ತಿಲ್ಲ. ಗದ್ದೆ ಅದೆ, ವಸಿ. ಬೇರೆ ಕಡೆ ಕೆಲ್ಸ ಉಡುಕ್ತಾ ಇವ್ನಿ. ಸಿಕ್ತದೋ ಇಲ್ವೋ."

ಅಪ್ಪ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಅಕ್ಸಾಲಿ ಮನೆ ಎಣ್ಣು ತರ್ತೀನಿ ಅಂದ್ರೆ ನಿಮ್ಮನೇಲಿ ಒಪ್ತಾರಾ?"

"ಅಜ್ಜಿ ಒಪ್ಪವ್ರೆ. ಅಪ್ಪ ಮುಖ ಕೊಟ್ಟು ಮಾತಾಡ್ತಿಲ್ಲ."

"ನಮ್ ಉಡುಗಿ ಬಾಯಿ ಜೋರು. ಗೊತ್ತಾ?"

"ಬೋ ಬಯ್ದವ್ಳೆ," ಎಂದ.

ಅಪ್ಪ ಓಲೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಒಂದು ಲಾರಿ ಹೋಯಿತು. ಇದೆಂಥ ಕೇಳುವ ರೀತಿ, ಒಂದಾದರೂ ಒಳ್ಳೆಯದು ಹೇಳಬಾರದೇ, ಎಂದು ಒಳಗೆ ಅಮ್ಮ ಹಣೆ ಚಚ್ಚಿಕೊಂಡರು. ನನಗೆ ಮಾತ್ರ ಅಂಥ ಮಾತು ನನ್ನ ಜನ್ಮದಲ್ಲಿ ಕೇಳಿಲ್ಲ ಅನಿಸುತ್ತಿತ್ತು.

"ರಾಧಾ," ಎಂದು ಅಪ್ಪ ತಿರುಗದೆಯೇ ಕೂಗಿದರು. "ಈ ಉಡುಗ ಏಳ್ತಿರೋದೆಲ್ಲ ನಿಜ್ವೇ?"

"ನಿಜ ಅಪ್ಪ."

"ಎಲ್ಲಾನೂ?"

"ಎಲ್ಲಾನೂ."

"ಅಂಗಾರೆ ಒಳೀಕ್ ಕರಿ," ಎಂದು ಅಪ್ಪ ಮತ್ತೆ ಓಲೆಯ ಮೇಲೆ ಬಗ್ಗಿದರು. "ಬಿಸ್ಲಲ್ಲಿ ನಿಂತವ್ನೆ."